ನಾನು ಹಿಡಿಯದ ಮೀನು

ನನ್ನ ಫೋನಿನಲ್ಲಿ ಒಂದು ಫೋಟೋ ಇದೆ. ಮೊಣಕಾಲುದ್ದ ನೀರಿನಲ್ಲಿ ಪ್ಯಾಂಟು ಮಡಿಚಿಕೊಂಡು ನಿಂತಿದ್ದೇನೆ. ಎರಡೂ ಕೈಯಲ್ಲಿ ಎತ್ತಿ ಹಿಡಿದಿರುವುದು ಆರು ಕಿಲೋ ತೂಗುವ ಕಾಟ್ಲ ಮೀನು. ಮುಖದ ಮೇಲೆ ಒಂದು ಕಳೆ ಇದೆ. ಮೂವತ್ತು ವರ್ಷಕ್ಕೂ ಮಿಕ್ಕಿ ಮೇಷ್ಟರಿಕೆ ಮಾಡಿ, ಮುಖ್ಯೋಪಾಧ್ಯಾಯನಾಗಿ ನಿವೃತ್ತನಾಗುವವರೆಗೆ ನನ್ನ ಮುಖದಲ್ಲಿ ಯಾರೂ ಕಾಣದಿದ್ದ ಕಳೆ ಅದು. ಆ ಮೀನನ್ನು ನಾನು ಹಿಡಿದದ್ದಲ್ಲ. ಈ ಕೊನೆಯ ವಾಕ್ಯವನ್ನು ಕಾಗದದ ಮೇಲೆ ಇಳಿಸಲು ನನಗೆ ಎರಡು ವರ್ಷ ಬೇಕಾಯಿತು.

ಕೊಟ್ಟೂರಿನ ನಮ್ಮ ಮನೆಯಲ್ಲಿ ಮೀನ ಎಂದರೆ ಪಂಚಾಂಗದ ಕೊನೆಯ ರಾಶಿ, ಅಷ್ಟೇ. ನಾನು ಮೀನು ತಿನ್ನುವವನಲ್ಲ. ಹಾಗಿದ್ದೂ ಗಾಳ ಹಿಡಿದೆ ಎಂದರೆ ಅದಕ್ಕೆ ಕಾರಣ ಕೂಡ್ಲಿಗಿಯ ನನ್ನ ಗೆಳೆಯ. ಅವನೂ ನಾನೂ, ಹಡಗಲಿಯ ಇನ್ನೊಬ್ಬನೂ ಹರಪನಹಳ್ಳಿಯ ಕಾಲೇಜಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು, ಒಂದೇ ವಿಷಯದಲ್ಲಿ ಫೇಲಾದವರು. ಕೂಡ್ಲಿಗಿಯವನು ಮುಂದೆ ಬ್ಯಾಂಕು ಸೇರಿದ. ಹಡಗಲಿಯವನು ಅಪ್ಪನ ಮಲ್ಲಿಗೆ ತೋಟ ನೋಡಿಕೊಂಡ. ನಿವೃತ್ತಿಯಾದ ಮೇಲೆ ಕೂಡ್ಲಿಗಿಯವನಿಗೆ ಫೋನಿನಲ್ಲಿ ಮೀನು ಹಿಡಿಯುವ ವಿಡಿಯೋ ನೋಡುವ ಚಟ ಹತ್ತಿತು. ಯಾವುದೋ ಹಿಮದ ದೇಶದ ಸಮುದ್ರದಲ್ಲಿ ನಾಲ್ಕು ಜನ ಗಡ್ಡದವರು ದೋಣಿಯಲ್ಲಿ ನಿಂತು ಹ್ಯಾಲಿಬಟ್ ಎಂಬ ಮೀನನ್ನು ಎಳೆಯುತ್ತಾರೆ. ಅದು ಬಾಗಿಲ ಹಲಗೆಯಷ್ಟು ಅಗಲ, ರೊಟ್ಟಿಯಷ್ಟು ಚಪ್ಪಟೆ, ಎರಡೂ ಕಣ್ಣು ಒಂದೇ ಮಗ್ಗುಲಿಗೆ. ಅವನು ಅದನ್ನು ನಮಗೆ ಭಕ್ತಿಯಿಂದ ತೋರಿಸಿದಾಗ ಹಡಗಲಿಯವನು ಬಹಳ ಹೊತ್ತು ನೋಡಿ ಹೇಳಿದ:

"ಎರಡೂ ಕಣ್ಣು ಒಂದ ಕಡಿಗೆ ಅದಾವಂದ್ರ ಇದು ಮೀನಲ್ಲಲೇ. ನಮ್ಮ ಹೂವಿನ ದಲ್ಲಾಳಿ."

ಹ್ಯಾಲಿಬಟ್ ಸಿಗುವ ಸಮುದ್ರ ನಮ್ಮ ಪಾಲಿಗೆ ಇಲ್ಲ. ಕಾರವಾರದ ಸಮುದ್ರವೂ ದೂರ. ಆದರೆ ತಂಬ್ರಹಳ್ಳಿ ದಾಟಿ ಹೋದರೆ ತುಂಗಭದ್ರೆಯ ಹಿನ್ನೀರು ಇದೆ. ಮಳೆಗಾಲ ಮುಗಿದ ಹೊಸದರಲ್ಲಿ ಅದರ ಆಚೆ ದಡ ಕಾಣುವುದಿಲ್ಲ. ಆಚೆ ದಡ ಕಾಣದ ನೀರೆಲ್ಲ ಸಮುದ್ರವೇ ಎಂದು ಮೂವರೂ ಸೇರಿ ತೀರ್ಮಾನಿಸಿದೆವು. ಕೊರಿಯರಿನಲ್ಲಿ ಮೂರು ಗಾಳದ ಕೋಲು ಬಂದವು. ನನ್ನದನ್ನು ಮನೆಯ ಪಡಸಾಲೆಯಲ್ಲಿ ನಿಲ್ಲಿಸಿದಾಗ ನನ್ನ ಹೆಂಡತಿ ಅದನ್ನು ಮೇಲಿಂದ ಕೆಳಗೆ ನೋಡಿದಳು.

"ತಿನ್ನಂಗಿಲ್ಲ, ಮಾರಂಗಿಲ್ಲ. ಮತ್ಯಾಕ ಹಿಡಿಯಾಕ ಹೋಗ್ತೀರಿ?"

"ಅದು ಏಕಾಗ್ರತೆಗೆ ಒಳ್ಳೇದು" ಎಂದೆ.

"ಹಂಗಾರ ಅಕ್ಕಿ ಆರಿಸ್ರಿ" ಎಂದಳು.

ಹಿನ್ನೀರಿನ ದಂಡೆಯ ಒಂದು ಹಳ್ಳಿಯಲ್ಲಿ ನಾನು ಆರು ವರ್ಷ ಕೆಲಸ ಮಾಡಿದ್ದೆ. ಅಲ್ಲಿ ನನ್ನ ಕೈಯಲ್ಲಿ ಏಳನೇ ತರಗತಿಯವರೆಗೆ ಕಲಿತ ಒಬ್ಬ ಈಗ ಹರಿಗೋಲು ಇಟ್ಟುಕೊಂಡು ಮೀನು ಹಿಡಿಯುತ್ತಾನೆ. ನಲವತ್ತೈದರ ಆಸುಪಾಸು, ಮಾತು ಕಡಿಮೆ. ಫೋನು ಮಾಡಿದ ಕೂಡಲೇ "ಬರ್ರಿ ಸರ, ನಿಮ್ಮದ ಹರಗೋಲು ಅನಕಂಬಿಡ್ರಿ" ಎಂದ. ಹಗರಿಬೊಮ್ಮನಹಳ್ಳಿಯಲ್ಲಿ ಮೂವರೂ ಕೂಡಿಕೊಂಡು, ಚಹಾ ಮಿರ್ಚಿ ಮುಗಿಸಿ, ಬೆಳಗಿನ ಎಂಟಕ್ಕೆ ನೀರಿನ ಮೇಲಿದ್ದೆವು.

ದುಂಡನೆಯ ಹರಿಗೋಲು ಮೊದಲು ತನ್ನ ಸುತ್ತ ತಾನೇ ತಿರುಗಿ, ಆಮೇಲೆ ಮುಂದೆ ಹೋಗುತ್ತದೆ. ನಮ್ಮ ಇಲಾಖೆಯ ಕಡತಗಳಿಗೂ ಇದೇ ಗುಣ. ನೀರಿನ ಮೇಲೆ ಅಲ್ಲಲ್ಲಿ ಪ್ಲಾಸ್ಟಿಕ್ ಬಾಟಲಿ, ಥರ್ಮಕೋಲಿನ ತುಂಡು, ಹಳೆಯ ಚಪ್ಪಲಿ ತೇಲುತ್ತಿದ್ದವು. ಜನ ಎಷ್ಟು ಹೊಲಸು ಮಾಡುತ್ತಾರೆ ಎಂದು ನಾನು ಬೇಸರಪಟ್ಟೆ.

"ಹೊಲಸಲ್ಲ ಸರ" ಎಂದ ಅಂಬಿಗ, ಹುಟ್ಟು ಹಾಕುತ್ತಲೇ. "ಅವು ಮೀನಿನ ಬಲಿ ಗುರ್ತು, ಕೆಳಗ ಬಲಿ ಕಟ್ಟಿರ್ತೀವಿ. ಒಂದೊಂದು ಮನಿಗೆ ಒಂದೊಂದು ಗುರ್ತು ಇರ್ತೈತಿ. ಅಗೋ ಆ ಕೆಂಪು ಬಾಟ್ಲಿ ನಮ್ಮ ದೊಡ್ಡವ್ವಂದು. ಗಂಡ ತೀರಿಕೊಂಡಮ್ಯಾಲ ಆಕಿನ ಬಲಿ ಬಿಡ್ತಾಳ."

"ಒಬ್ಬರದು ಒಬ್ಬರು ಬಿಚ್ಚಿಕೊಂಡು ಹೋಗಲ್ವೇನು?" ಎಂದ ಕೂಡ್ಲಿಗಿಯವನು. ಬ್ಯಾಂಕಿನಲ್ಲಿದ್ದವನು, ಅನುಮಾನ ಅವನ ವೃತ್ತಿಧರ್ಮ.

"ಇನ್ನೊಬ್ಬರ ಬಲಿ ಮುಟ್ಟಂಗಿಲ್ರಿ. ಹರಗೋಲು ತಾಗಿದ್ರೂ ದಂಡಿಗೆ ಬಂದು ಹೇಳಬೇಕು. ಕದ್ದ ಅಂತ ಆತು ಅಂದ್ರ ಅವನ ಹುಟ್ಟು ಇಸಗಂಡು ಹಿರೇರ ಮನ್ಯಾಗ ಇಟ್ಟುಬಿಡ್ತಾರ. ಯಾವಾಗ ಕೊಡ್ತಾರ, ಹೇಳಾಕ ಬರಂಗಿಲ್ಲ. ಹುಟ್ಟಿಲ್ಲದಾಂವ ನೀರಿಗೆ ಹೆಂಗ ಇಳೀತಾನ್ರಿ."

ಬಾಗಿಲಿಲ್ಲದ, ಬೀಗವಿಲ್ಲದ ಇಷ್ಟಗಲ ನೀರು, ಒಂದು ಬಾಟಲಿಯ ಗುರುತಿನ ಮೇಲೆ ನಂಬಿಕೆ. ನನಗೆ ಬಹಳ ಸಂತೋಷವಾಯಿತು. ಪ್ರಾಮಾಣಿಕತೆಯನ್ನು ಕುರಿತು ಹರಿಗೋಲಿನಲ್ಲೇ ಐದು ನಿಮಿಷ ಮಾತಾಡಿದೆ. ಚೆನ್ನಾಗಿಯೇ ಮಾತಾಡಿದೆ. ಅಂಬಿಗ ಹುಟ್ಟು ನಿಲ್ಲಿಸಿ ಕೇಳಿದ.

ಮಧ್ಯಾಹ್ನದ ಹೊತ್ತಿಗೆ ಕೂಡ್ಲಿಗಿಯವನ ಗಾಳಕ್ಕೆ ಎರಡು ಜಿಲೇಬಿ ಮೀನು ಬಿದ್ದಿದ್ದವು. ಹಡಗಲಿಯವನಿಗೆ ಅಂಗೈಯಗಲದ್ದು ಒಂದು. ನನ್ನ ಗಾಳಕ್ಕೆ ನೀರೊಳಗಿನ ಜಾಲಿ ಮುಳ್ಳು ಎರಡು ಸಲ, ಹರಿಗೋಲಿನ ಅಂಚು ಒಂದು ಸಲ, ಹಡಗಲಿಯವನ ಅಂಗಿಯ ತೋಳು ಒಂದು ಸಲ ಬಿದ್ದವು.

"ಹೆಡ್ಮಾಸ್ತರು ಬಂದಾರಂತ ಮೀನಿಗೆ ಸುದ್ದಿ ಮುಟ್ಟೈತಿ" ಎಂದ ಹಡಗಲಿಯವನು, ತೋಳು ಬಿಡಿಸಿಕೊಳ್ಳುತ್ತ. "ಎಲ್ಲಾ ಗಪ್ಪನ ಕ್ಲಾಸಿನ್ಯಾಗ ಹೋಗಿ ಕುಂತಾವ."

"ಇಲ್ಲಲೇ" ಎಂದ ಕೂಡ್ಲಿಗಿಯವನು. "ತಿನ್ನಂಗಿಲ್ಲ ಅಂದಾಂವನ ಗಾಳಕ್ಕ ಬಿದ್ದು ಸತ್ರ ಏನು ಸಾರ್ಥಕ ಅಂತ ಅವೂ ವಿಚಾರ ಮಾಡ್ತಾವ."

ನಾನೂ ನಕ್ಕೆ. ಆದರೆ ಒಳಗೆ ಏನೋ ಚುಚ್ಚುತ್ತಿತ್ತು. ಅರವತ್ತೆರಡು ದಾಟಿದವನಿಗೆ, ತಿನ್ನದ ಮೀನೊಂದು ಸಿಗಲಿಲ್ಲವೆಂದು ಅವಮಾನವಾಗುತ್ತದೆಂದರೆ ಯಾರೂ ನಂಬುವುದಿಲ್ಲ. ನನಗೆ ಆಗಿತ್ತು.

ಊಟಕ್ಕೆ ನೀರಿನ ನಡುವೆ ಎದ್ದಿದ್ದ ಒಂದು ಬಂಡೆಗಡ್ಡೆಗೆ ಹರಿಗೋಲು ಹಚ್ಚಿದೆವು. ಅಂಬಿಗ ಮೂರು ಕಲ್ಲು ಹೂಡಿ ಒಲೆ ಹಚ್ಚಿದ. ಗೆಳೆಯರಿಬ್ಬರೂ ಮೀನು ಹಸನು ಮಾಡುವುದನ್ನು ನೋಡುತ್ತ, ಸಲಹೆ ಕೊಡುತ್ತ ಕೂತರು. ನನ್ನ ಬುತ್ತಿಯಲ್ಲಿ ರೊಟ್ಟಿ, ಶೇಂಗಾ ಚಟ್ನಿ ಇತ್ತು. ಹೊಗೆ ನೆಪಮಾಡಿಕೊಂಡು, ಗಾಳ ಹಿಡಿದು, ಗಡ್ಡೆಯ ಆಚೆ ಬದಿಗೆ ಹೋದೆ.

ಅಲ್ಲಿ ಕೆಂಪು ಬಾಟಲಿ ತೇಲುತ್ತಿತ್ತು. ದಡಕ್ಕೆ ಎರಡು ಮಾರು ದೂರ. ಬಾಟಲಿ ಸುಮ್ಮನೆ ತೇಲುತ್ತಿರಲಿಲ್ಲ, ಮುಳುಗಿ ಮುಳುಗಿ ಏಳುತ್ತಿತ್ತು. ಪ್ಯಾಂಟು ಮಡಿಚಿ ಇಳಿದೆ. ನೋಡಲೆಂದೇ ಇಳಿದೆ, ಇದು ನಿಜ. ಬಲೆಯ ಅಂಚಿನಲ್ಲಿ ಕಾಟ್ಲ ಸಿಕ್ಕಿಕೊಂಡಿತ್ತು. ಅಷ್ಟು ದೊಡ್ಡ ಮೀನನ್ನು ನಾನು ಅಷ್ಟು ಹತ್ತಿರದಿಂದ ಕಂಡಿರಲಿಲ್ಲ. ತಲೆಯೇ ಒಂದು ತೆಂಗಿನಕಾಯಿಯಷ್ಟಿತ್ತು.

ಆಮೇಲೆ ನಾನು ಮಾಡಿದ್ದನ್ನು ಅವಸರದಲ್ಲಿ ಹೇಳಿ ಮುಗಿಸಬಹುದು, ಆದರೆ ಮಾಡಿದ್ದು ಅವಸರದಲ್ಲಲ್ಲ. ಬಾಲ ಹಿಡಿದು ಹಿಂದಕ್ಕೆ ಎಳೆದೆ, ಬರಲಿಲ್ಲ. ಕಿವಿರಿನ ಹಿಂದೆ ದಾರ ಬಿಗಿದುಕೊಂಡಿತ್ತು. ಜೇಬಿನಲ್ಲಿ ಪೆನ್ಸಿಲು ಹೆರೆಯುವ ಹಳೆಯ ಚಾಕು ಇತ್ತು. ಬಲೆಯ ಒಂದು ಕಣ್ಣು ಕೊಯ್ದೆ. ಸಾಲಲಿಲ್ಲ. ಇನ್ನೆರಡು ಕೊಯ್ದೆ. ಮೀನು ಬಂತು. ಅದನ್ನು ಕಲ್ಲಿನ ಮೇಲೆ ಅವುಚಿ ಹಿಡಿದು, ಅದರ ತುಟಿಗೆ ನನ್ನ ಗಾಳದ ಕೊಕ್ಕೆಯನ್ನು ನಾನೇ ಚುಚ್ಚಿದೆ. ಚುಚ್ಚುವಾಗ ಅದು ಬಾಯಿ ತೆರೆದು ಮುಚ್ಚುತ್ತಿತ್ತು. ಕೊಕ್ಕೆಯಲ್ಲಿ ಎರೆಹುಳ ಇರಲೆಂದು ಡಬ್ಬಿಯಿಂದ ಒಂದನ್ನು ತೆಗೆದು ಸಿಕ್ಕಿಸಿದೆ. ಇಷ್ಟೆಲ್ಲ ಶಿಸ್ತಾಗಿ ಮಾಡಿದ ಮೇಲೆ, ಬಿತ್ತು ಬಿತ್ತು ಎಂದು ಕೂಗಿದೆ.

ಗೆಳೆಯರು ಕೈ ತೊಳೆಯದೆ ಓಡಿಬಂದರು. ಹಡಗಲಿಯವನು ನನ್ನನ್ನು ತಬ್ಬಿಕೊಂಡ. ಕೂಡ್ಲಿಗಿಯವನು ಫೋಟೋ ತೆಗೆದ, "ಹ್ಯಾಲಿಬಟ್ಟಿನಪ್ಪ ಐತಿ" ಎಂದ. ಅಂಬಿಗ ಕೊನೆಗೆ ಬಂದ. ಮೀನು ನೋಡಿದ. ಕೊಕ್ಕೆ ನೋಡಿದ. ಹುಳ ನೋಡಿದ.

"ಎಷ್ಟೊತ್ತು ಎಳದಾಡ್ತು ಸರ?" ಎಂದು ಕೇಳಿದ.

"ಅರ್ಧ ತಾಸು."

"ಚಲೋ ಆತು ಬಿಡ್ರಿ" ಎಂದು ಒಲೆಯ ಕಡೆ ಹೋದ.

ಎರೆಹುಳಕ್ಕೆ ಕಾಟ್ಲ ಬಾಯಿ ಹಾಕುವುದೇ ಇಲ್ಲವೆನ್ನುವಷ್ಟು ಅಪರೂಪವೆಂಬುದು, ಬಲೆಗೆ ಬಿದ್ದ ಮೀನಿಗೆ ಕಿವಿರಿನ ಹಿಂದೆ ಹುರುಪೆ ಕಿತ್ತು ಉಂಗುರದಂಥ ಗುರುತು ಬೀಳುತ್ತದೆಂಬುದು ಆ ದಂಡೆಯ ಪ್ರತಿಯೊಬ್ಬರಿಗೂ ಗೊತ್ತು. ಹಿಟ್ಟಿನ ಉಂಡೆ ಸಿಕ್ಕಿಸಿದ್ದರೂ ಒಂದು ಮಾತಿತ್ತು. ಮೀನ ರಾಶಿಯ ಮಟ್ಟಿಗೆ ಮಾತ್ರ ಮೀನು ಬಲ್ಲ ಕೊಟ್ಟೂರಿನ ಮೇಷ್ಟರಿಗೆ ಅದು ಗೊತ್ತಿರಲಿಲ್ಲ. ಕಳ್ಳತನದಲ್ಲೂ ನಾನು ಒಂದೇ ವಿಷಯದಲ್ಲಿ ಫೇಲು.

ಮೀನನ್ನು ಗೆಳೆಯರಿಬ್ಬರೂ ಹಂಚಿಕೊಂಡರು. ನಾನು ಒಂದು ತುಣುಕನ್ನೂ ಒಯ್ಯಲಿಲ್ಲ. ತಿನ್ನಲೆಂದು ಕದ್ದಿದ್ದರೆ ಹಸಿವಾದರೂ ನನ್ನ ಪರ ಸಾಕ್ಷಿ ನಿಲ್ಲುತ್ತಿತ್ತು. ನಾನು ಕದ್ದದ್ದು ಒಂದು ಫೋಟೋಕ್ಕಾಗಿ. ಅದು ಸಂಜೆಯೊಳಗೆ ನಿವೃತ್ತ ಶಿಕ್ಷಕರ ಗುಂಪಿನಲ್ಲಿ, ಹಳೆಯ ವಿದ್ಯಾರ್ಥಿಗಳ ಗುಂಪಿನಲ್ಲಿ, ನನ್ನ ಬೀಗರ ಗುಂಪಿನಲ್ಲಿ ಓಡಾಡಿತು. ಮೂರೂ ಕಡೆ ಕೈಮುಗಿದ ಚಿಹ್ನೆಗಳು ಬಂದವು.

ಒಂದು ವಾರದ ಮೇಲೆ ಅಂಬಿಗನಿಗೆ ಫೋನು ಮಾಡಿದೆ. ಮತ್ತೊಮ್ಮೆ ಬರುವ ವಿಚಾರವಿತ್ತು.

"ಸ್ವಲ್ಪ ದಿನ ನೀರಿಗೆ ಇಳಿಯಂಗಿಲ್ಲ ಸರ."

"ಯಾಕೆ, ಆರಾಮಿಲ್ಲೇನು?"

"ಆರಾಮದೀನ್ರಿ. ನೀವು ಹೆಂಗದೀರಿ?"

ಅಷ್ಟೇ. ಹಗರಿಬೊಮ್ಮನಹಳ್ಳಿಯ ಸಂತೆಗೆ ಹೋಗಿದ್ದ ಹಡಗಲಿಯವನು ಎರಡು ದಿನದ ಮೇಲೆ ಉಳಿದದ್ದನ್ನು ತಂದ. "ಅಂವನ ಹುಟ್ಟು ಇಸಗಂಡಾರಂತಲೇ. ಆ ಕೆಂಪು ಬಾಟ್ಲಿ ಮುದುಕಿ ಬಲಿ ಕೊಯ್ದು ಮೀನು ಕದ್ದ ಅಂತ. ಅವತ್ತು ಆ ಗಡ್ಡಿ ಕಡಿಗೆ ಹೋಗಿದ್ದು ಅಂವನ ಹರಗೋಲು ಒಂದ. ನಾವಿದ್ವೆಲ್ಲ, ಅಂವ ಒಲಿ ಬಿಟ್ಟು ಎದ್ದಿಲ್ಲ. ನಡಿ, ಹೋಗಿ ಸಾಕ್ಷಿ ಹೇಳಿ ಬರೋಣು."

"ಹೋಗೋಣ" ಎಂದೆ. "ಮುಂದಿನ ವಾರ."

ಆ ಮುಂದಿನ ವಾರದವರೆಗೆ ನಾನು ಮಾಡಿದ ಚಿಂತನೆ ಒಂದು ಗ್ರಂಥಕ್ಕೆ ಸಾಲುವಷ್ಟಿದೆ. ಮೊದಲನೆಯ ಅಧ್ಯಾಯ: ಅವನ ಮೇಲಿನ ಆರೋಪ ತಾನಾಗಿ ತಣ್ಣಗಾಗಬಹುದು. ಎರಡನೆಯದು: ಮೀನು ಎಂದಿದ್ದರೂ ಸಾಯುವುದೇ ಇತ್ತು. ಮೂರನೆಯದು: ಮುದುಕಿಗೆ ಗುಟ್ಟಾಗಿ ಒಂದು ಹೊಸ ಬಲೆ ಕಳಿಸಿದರೆ ಹೇಗೆ. ಹೀಗೆ ಹತ್ತು ಹನ್ನೆರಡು ಅಧ್ಯಾಯ ಬರೆದ ಮೇಲೂ, ಪ್ರತಿ ದಿನ ಬೆಳಿಗ್ಗೆ ಒಬ್ಬ ಮನುಷ್ಯ ದಂಡೆಗೆ ಬಂದು, ಬೇರೆಯವರ ಹರಿಗೋಲು ಇಳಿಯುವುದನ್ನು ನೋಡಿ, ಮನೆಗೆ ಹೋಗುತ್ತಿದ್ದಾನೆ ಎಂಬ ಸಂಗತಿ ಯಾವ ಅಧ್ಯಾಯದಲ್ಲೂ ಹಿಡಿಸಲಿಲ್ಲ. ಐದನೆಯ ದಿನ, ಗೆಳೆಯರಿಗೆ ಹೇಳದೆ, ಒಬ್ಬನೇ ಬಸ್ಸು ಹತ್ತಿದೆ.

ದಂಡೆಯ ಬೇವಿನ ಕೆಳಗೆ ಆ ಹಳ್ಳಿಯ ಅಂಬಿಗರ ಪೈಕಿ ಹಿರಿಯನೊಬ್ಬ ಕೂತು ಬೀಡಿ ಸೇದುತ್ತಿದ್ದ. ಮುದುಕಿ ಸ್ವಲ್ಪ ದೂರದಲ್ಲಿ ಬಲೆ ಹರವಿಕೊಂಡಿದ್ದಳು. ಅಂಬಿಗನನ್ನು ಕರೆಸಿದರು, ಅವನು ಬಂದು ನನ್ನ ಹಿಂದೆ ನಿಂತ. ಬಸ್ಸಿನಲ್ಲಿ ಸಿದ್ಧಮಾಡಿಕೊಂಡಿದ್ದ ಪೀಠಿಕೆ ಮರೆತುಹೋಗಿತ್ತು. "ಆ ಮೀನು ತೆಗೆದದ್ದು ನಾನು. ಇವನದು ಏನೂ ತಪ್ಪಿಲ್ಲ" ಎಂದೆ.

ಹಿರಿಯ ಬೀಡಿ ಆರಿಸಿ ಎದ್ದು ನಿಂತ. ಅವನ ಕಣ್ಣಲ್ಲಿ ನೀರಿತ್ತು.

"ಮಾಸ್ತರ, ನೀವು ದೊಡ್ಡೋರು. ಕಲಿಸಿದ ಹುಡುಗನ ಮ್ಯಾಲ ಇಷ್ಟು ಜೀವ ಇಟ್ಟೀರಿ ಅಂದ್ರ, ಅವನ ತಪ್ಪು ನಿಮ್ಮ ತಲಿಮ್ಯಾಲ ಹಾಕ್ಯಂತೀರಿ. ಈಗಿನ ಕಾಲದಾಗ ಇಂಥಾ ಗುರುಗಳು ಎಲ್ಲಿ ಅದಾರ."

ಇದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ನಾನು ನಿಜ ಹೇಳಿದ್ದೆ, ಅವರು ನಂಬಿರಲಿಲ್ಲ. ಒಂದು ಗಳಿಗೆ, ಒಂದೇ ಗಳಿಗೆ, ನನ್ನ ಕರ್ತವ್ಯ ಮುಗಿಯಿತಲ್ಲ ಎಂದು ನನಗೆ ಹಗುರಾಯಿತು. ಇಡೀ ಪ್ರಸಂಗದಲ್ಲಿ ನನಗೆ ಅತ್ಯಂತ ನಾಚಿಕೆ ತರುವುದು ಚಾಕುವಲ್ಲ, ಕೊಕ್ಕೆಯೂ ಅಲ್ಲ, ಆ ಗಳಿಗೆ.

ಮುದುಕಿ ಬಲೆ ಬಿಟ್ಟು ಎದ್ದಳು. ನನ್ನನ್ನು ನೋಡಲಿಲ್ಲ, ಅಂಬಿಗನ ಮುಂದೆ ನಿಂತಳು.

"ಕದ್ದಿದ್ದು ಸಾಲಲಿಲ್ಲೇನಪ್ಪ? ವಯಸ್ಸಾದ ಮಾಸ್ತರನ್ನ ಬಸ್ಸಿನ್ಯಾಗ ಕರಿಸಿ ಸುಳ್ಳು ಹೇಳಿಸ್ತೀ? ಇಷ್ಟು ಕೀಳಿಗೆ ಇಳದಿ ಅಂತ ನಾ ತಿಳಕಂಡಿರಲಿಲ್ಲ ನೋಡು."

ಅವನು ತಲೆ ತಗ್ಗಿಸಿದ. ನನ್ನ ನಿಜ ಅವನ ಮೇಲೆ ಎರಡನೆಯ ಆರೋಪವಾಗಿತ್ತು. ಕಳ್ಳನಾಗಿದ್ದವನನ್ನು ನಾನು ಬಂದು ಸುಳ್ಳನನ್ನಾಗಿಯೂ ಮಾಡಿದ್ದೆ. ಜೇಬಿನಿಂದ ಫೋನು ತೆಗೆದು, ಎರಡು ಸಲ ಬೇರೆ ಫೋಟೋ ತೆರೆದು, ಕೊನೆಗೆ ಆ ಮೀನನ್ನು ದೊಡ್ಡದು ಮಾಡಿ ಮುದುಕಿಯ ಮುಂದೆ ಹಿಡಿದೆ. ಕಿವಿರಿನ ಹಿಂದಿನ ಉಂಗುರ ಎದ್ದು ಕಾಣುತ್ತಿತ್ತು.

ಅವಳು ಫೋನನ್ನು ದೂರ ಹತ್ತಿರ ಮಾಡಿ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ನಾನು ಸಾವಿರಾರು ಮಕ್ಕಳನ್ನು ಹಾಗೆ ನೋಡಿದ್ದೇನೆ, ಪ್ರಶ್ನೆ ಕೇಳುವ ಮುಂಚೆ.

"ಮೀನು ಬಲಿಯಾಗ ಸಿಕ್ಕಿತ್ತು ಅನ್ನಾದು ಖರೇ. ಬಿಡಿಸಿದ್ದು ಯಾರಂತ ಇದರಾಗ ಬರದಿಲ್ಲ. ನೀವ ಬಿಡಿಸಿದ್ರ ಹೇಳ್ರಿ, ಯಾವ ಕಡಿಂದ ಎಳದ್ರಿ?"

"ಬಾಲದ ಕಡೆಯಿಂದ."

"ಬರಲಿಲ್ಲ. ಬಲಿ ಬಲ್ಲಾಂವ ಹಂಗ ಎಳೆಯಂಗಿಲ್ಲ."

"ಬರಲಿಲ್ಲ. ಚಾಕು ತೆಗೆದೆ."

"ಎಷ್ಟು ಕಣ್ಣು ಕೊಯ್ದ್ರಿ?"

"ಮೂರು. ಮೊದಲು ಒಂದು, ಆಮೇಲೆ ಎರಡು."

"ಎಲ್ಲಿ?"

"ಮೇಲಿನ ಹಗ್ಗದಿಂದ ಒಂದು ಮೊಳ ಕೆಳಗೆ. ಬಾಟಲಿಯ ಹತ್ತಿರದ ಕೊನೆ."

ಅವಳು ಹೋಗಿ ಬಲೆಯ ಆ ಕೊನೆಯನ್ನು ಎತ್ತಿ ತಂದಳು. ಇನ್ನೂ ಹೊಲಿದಿರಲಿಲ್ಲ. ಮೂರು ಕಣ್ಣು ಸೇರಿ ಒಂದು ದೊಡ್ಡ ತೂತಾಗಿತ್ತು. ಎಷ್ಟು ಕಣ್ಣು ಹೋಗಿವೆ ಎಂಬುದನ್ನು ಅವಳು ಯಾರಿಗೂ ಹೇಳಿರಲಿಲ್ಲವಂತೆ, ಕಳ್ಳ ಸಿಕ್ಕರೆ ಕೇಳಲೆಂದು. ಹಿರಿಯ ಬಗ್ಗಿ ಎಣಿಸಿದ. ನನ್ನನ್ನು ಗುರುಗಳು ಎಂದಿದ್ದ ಬಾಯಿಯಿಂದ ಮುಂದೆ ಏನು ಕರೆಯಬೇಕೆಂದು ತಿಳಿಯದೆ ಅವನು ಮನೆಗೆ ಹೋಗಿ, ಇಸಿದುಕೊಂಡಿದ್ದ ಹುಟ್ಟು ತಂದು ಅಂಬಿಗನ ಕೈಗೆ ಕೊಟ್ಟ.

"ನಿನಗ ಗೊತ್ತಿತ್ತೇನು?" ಎಂದು ಮುದುಕಿ ಅಂಬಿಗನನ್ನು ಕೇಳಿದಳು.

"ಅವತ್ತ ಗೊತ್ತಾತು. ಕಾಟ್ಲದ ಬಾಯಾಗ ಎರಿಹುಳ ಇತ್ತು."

"ಮತ್ತ್ಯಾಕ ಬಾಯಿ ಬಿಡಲಿಲ್ಲ?"

"ನನ್ನ ಹರಗೋಲಿನ್ಯಾಗ ಕುಂತು ಬಂದೋರು ಮಾಡಿದ್ದು ನಾ ಮಾಡಿದಂಗ ಅಲ್ಲೇನು ದೊಡ್ಡವ್ವ" ಎಂದ. ಬೇರೆ ಯಾವ ಕಾರಣವನ್ನೂ ಅವನು ಕೊಡಲಿಲ್ಲ. ಗುರುಭಕ್ತಿ ಎಂದಿದ್ದರೆ ನನಗೆ ಸ್ವಲ್ಪವಾದರೂ ಸಮಾಧಾನ ಸಿಗುತ್ತಿತ್ತು.

ಮುದುಕಿ ನನ್ನ ಮೇಲೆ ಕೂಗಾಡಲಿಲ್ಲ. ಬಲೆಯ ಕೊನೆಯನ್ನು ನನ್ನ ಮುಂದೆ ಹರವಿ, ದಾರ ಸುತ್ತಿದ ಬಿದಿರಿನ ಚಪ್ಪಟೆ ಸೂಜಿಯೊಂದನ್ನು ಕೈಗಿಟ್ಟಳು.

"ಕುಂದ್ರಿ. ಮೂರು ಕಣ್ಣು ಹಾಕಿ ಹೋಗ್ರಿ."

ಕೂತೆ. ಅವಳು ಒಂದು ಗಂಟು ಹಾಕಿ ತೋರಿಸಿದಳು. ನಾನು ಹಾಕಿದ್ದು ಎಳೆದ ಕೂಡಲೇ ಜಾರಿತು. "ಬಿಚ್ರಿ" ಎಂದಳು. ಎರಡನೆಯದು ಜಾರಲಿಲ್ಲ, ಆದರೆ ಕಣ್ಣು ಚಿಕ್ಕದಾಯಿತು. ಅವಳು ಎರಡು ಬೆರಳು ತೂರಿಸಿ ನೋಡಿ, "ಬಿಚ್ರಿ" ಎಂದಳು. ಬಿಸಿಲು ಬೇವಿನ ನೆರಳನ್ನು ನನ್ನ ಮೇಲಿಂದ ಸರಿಸಿತು. ದಂಡೆಗೆ ನೀರಿಗೆ ಬಂದ ಹೆಂಗಸರು ಕೊಡ ಇಳಿಸಿ ನಿಂತು ನೋಡಿದರು. ಅವರಲ್ಲಿ ಇಬ್ಬರು ನನ್ನ ಹಳೆಯ ವಿದ್ಯಾರ್ಥಿನಿಯರು, "ನಮಸ್ಕಾರ ಸರ" ಎಂದರು. ಎರಡೂ ಕೈ ದಾರದಲ್ಲಿ ಸಿಕ್ಕಿದ್ದರಿಂದ ನಾನು ತಲೆಯಲ್ಲೇ ನಮಸ್ಕರಿಸಿದೆ. ಒಂದನೆಯ ಕಣ್ಣು ಪಾಸಾಗುವ ಹೊತ್ತಿಗೆ ಹನ್ನೆರಡಾಗಿತ್ತು. ಮೂರೂ ಮುಗಿದಾಗ ತಂಬ್ರಹಳ್ಳಿಯ ಕಡೆಯ ಮಧ್ಯಾಹ್ನದ ಬಸ್ಸು ಹೋಗಿಬಿಟ್ಟಿತ್ತು.

"ನಡೀತೈತಿ" ಎಂದಳು ಮುದುಕಿ, ಬಲೆ ಮಡಿಚುತ್ತ. ಫಸ್ಟ್ ಕ್ಲಾಸೇನೂ ಅಲ್ಲ.

ಗೆಳೆಯರಿಗೆ ಅಂದೇ ಸಂಜೆ ಫೋನಿನಲ್ಲಿ ಹೇಳಿದೆ. ಹಡಗಲಿಯವನು ನಗಲು ಶುರುಮಾಡಿ, ನಡುವೆ ನಿಲ್ಲಿಸಿದ. ಕೂಡ್ಲಿಗಿಯವನು "ನನ್ನ ಮನ್ಯಾಗ ಆ ಮೀನು ಉಂಡಾರಲೇ" ಎಂದ, ಅಷ್ಟೇ. ಅವರಿಬ್ಬರೂ ಈಗಲೂ ನನ್ನ ಗೆಳೆಯರು. ಆದರೆ ಮೀನಿನ ವಿಷಯ ಬಂದಾಗ ಅವರು ನನ್ನ ಮೇಲಿನ ಮರ್ಯಾದೆಯಿಂದ ಮಾತು ಬದಲಿಸುತ್ತಾರೆ. ಮೊದಲಿನಂತೆ ಚುಡಾಯಿಸಿದರೆ ಒಳ್ಳೆಯದಿತ್ತು.

ಅಂದು ಮುದುಕಿ ಬಲೆ ಎತ್ತಿಕೊಂಡು ಹೋದ ಮೇಲೆ, ಅಂಬಿಗ ಹರಿಗೋಲನ್ನು ನೀರಿಗೆ ಉರುಳಿಸುತ್ತಿದ್ದ. ಹತ್ತು ಹನ್ನೆರಡು ದಿನ ಬಿಸಿಲಿಗೆ ಒಣಗಿ ಅದರ ತಳ ಅಲ್ಲಲ್ಲಿ ಬಿರಿದಿತ್ತು. ನಾನು ಹತ್ತಿರ ಹೋಗಿ ನಿಂತೆ. ಕ್ಷಮಿಸು ಎಂಬ ಮಾತನ್ನು ವಿದ್ಯಾರ್ಥಿಗಳಿಂದ ಎಷ್ಟೋ ಸಲ ಹೇಳಿಸಿದ್ದೇನೆ, ನೂರು ಸಲ ಬರೆಸಿದ್ದೂ ಇದೆ. ಸ್ವತಃ ಹೇಳಿ ಅಭ್ಯಾಸವಿರಲಿಲ್ಲ. ಅದರ ಬದಲು ಇನ್ನೊಂದು ಮಾತು ಬಂತು.

"ಇನ್ನೊಮ್ಮೆ ಬರಬಹುದೇನಪ್ಪ ನಾನು?"

ಅವನು ಒಂದು ಕಾಲು ಹರಿಗೋಲಿನಲ್ಲಿಟ್ಟು, ಹುಟ್ಟನ್ನು ನೀರಿಗೆ ಊರಿದ.

"ಬರ್ರಿ ಸರ. ದಂಡಿ ಮ್ಯಾಲ ನೆಳ್ಳು ಐತಿ, ಕುಂದ್ರಬಹುದು."